ಜೆಟ್ ಇಂಜಿನ್ನಿನ ಗ್ಯಾಸ್ಕೆಟ್ ಪುರಾಣ

ಹೋದ ತಿಂಗಳು ಒಂದು ಭಾನುವಾರ ನಮ್ಮನೆ ಕುಕ್ಕರ್ ವಿಷಲ್ ಹೊಡೀಲಿಲ್ಲ. ಇಪ್ಪತ್ತು ನಿಮಿಷ ಆಯ್ತು, ಒಲೆ ಉರೀತಾನೇ ಇದೆ, ಮುಚ್ಚಳದ ಪಕ್ಕದಿಂದ ಮಾತ್ರ ಬುಸ್ಸಂತ ಹಬೆ. ಊರಿಗೆ ಫೋನ್ ಮಾಡಿದ್ರೆ ಅಮ್ಮ, "ಗ್ಯಾಸ್ಕೆಟ್ ಸಡಿಲ ಆಗಿರತ್ತೆ, ಹತ್ತು ನಿಮಿಷ ಫ್ರೀಜರಲ್ಲಿಟ್ಟು ಹಾಕು" ಅಂದ್ಲು. ಹಾಕಿದೆ. ಮೂರು ವಿಷಲ್ ಬಂತು, ಅನ್ನ ಆಯ್ತು. ಕುಕ್ಕರ್ ಗಟ್ಟಿಯಾಗೇ ಇತ್ತು, ಬೆಂಕಿಯೂ ಚೆನ್ನಾಗೇ ಇತ್ತು. ಕೆಟ್ಟಿದ್ದು ಮೂವತ್ತು ನಲವತ್ತು ರೂಪಾಯಿಯ ರಬ್ಬರ್ ಬಳೆ.

ಅದೇ ವಾರ ನಾನು ಜೆಟ್ ಇಂಜಿನ್ನುಗಳೊಳಗೆ ಸೆರಾಮಿಕ್ ಹೇಗೆ ಬಂತು ಅನ್ನೋದರ ಬಗ್ಗೆ ಓದ್ತಾ ಇದ್ದೆ. ಪತ್ರಿಕೆಗಳಲ್ಲಿ ಈ ಕಥೆಯನ್ನ ಯಾವಾಗಲೂ ಒಂದೇ ಥರ ಹೇಳ್ತಾರೆ: ಲೋಹ ಕರಗುವ ಜಾಗದಲ್ಲಿ ಕರಗದ ಹೊಸ ವಸ್ತು ಬಂತು, ಇಂಧನ ಉಳೀತು, ಜೈ. ಸುಳ್ಳಲ್ಲ. ಆದರೆ ಆ ವಸ್ತು ಪ್ರಯೋಗಶಾಲೆಯಿಂದ ವಿಮಾನದೊಳಕ್ಕೆ ಬರೋಕೆ ಮೂವತ್ತು ವರ್ಷಕ್ಕಿಂತ ಹೆಚ್ಚು ಹಿಡಿದದ್ದು ಯಾಕೆ ಅಂತ ಕೇಳಿದ್ರೆ, ಉತ್ತರದ ದೊಡ್ಡ ಪಾಲು ಶಾಖದಲ್ಲಿಲ್ಲ, ಸಂದುಗಳಲ್ಲಿದೆ. ಸೆರಾಮಿಕ್ ತುಂಡಿಗೂ ಅದರ ಪಕ್ಕದ ಲೋಹಕ್ಕೂ ನಡುವೆ, ಒಂದು ಸೆರಾಮಿಕ್ ತುಂಡಿಗೂ ಇನ್ನೊಂದಕ್ಕೂ ನಡುವೆ ಇರೋ ಕೂದಲೆಳೆಯಷ್ಟು ಸಂದು. ಕಥೆಯಲ್ಲಿ ಗ್ಯಾಸ್ಕೆಟ್ಟಿನ ಪಾತ್ರ ಮಾಡೋರು ಹೀರೋಗಳಲ್ಲ, ಹಾಗಾಗಿ ಅವರ ಹೆಸರು ಎಲ್ಲೂ ಬರೋದಿಲ್ಲ.

ಮೊದಲು ಈ ಗಾಳಿಯ ವ್ಯವಹಾರ ಸ್ವಲ್ಪ ಅರ್ಥ ಮಾಡ್ಕೊಳ್ಳೋಣ. ಜೆಟ್ ಇಂಜಿನ್ ಮುಂದಿನಿಂದ ಗಾಳಿ ಎಳ್ಕೊಂಡು ಹಿಂಡುತ್ತೆ. ಇವತ್ತಿನ ಲೀಪ್ ಥರದ ಇಂಜಿನ್ನಲ್ಲಿ ಸುಮಾರು ನಲವತ್ತು ಪಟ್ಟು. ಹಿಂಡಿದ ಗಾಳಿ ತಾನಾಗೇ 600 ಡಿಗ್ರಿಯ ಆಸುಪಾಸು ಬಿಸಿಯಾಗಿರುತ್ತೆ. ಅದರೊಳಗೆ ಇಂಧನ ಸುರಿದು ಉರಿಸಿದಾಗ ಬರೋ ಅನಿಲ 1500 ಡಿಗ್ರಿ ದಾಟುತ್ತೆ. ಆ ಅನಿಲ ಹೋಗಿ ಬಡಿಯೋದು ಟರ್ಬೈನಿನ ಬ್ಲೇಡುಗಳಿಗೆ. ಬ್ಲೇಡುಗಳನ್ನ ಮಾಡಿರೋ ನಿಕ್ಕಲ್ ಮಿಶ್ರಲೋಹವೋ, 1300 ಡಿಗ್ರಿ ದಾಟಿದರೆ ಕರಗೋಕೆ ಶುರು. ಅಂದ್ರೆ ಪ್ರತಿಯೊಂದು ಇಂಜಿನ್ನೂ ತಾನು ಕರಗುವ ಬಿಸಿಯಲ್ಲೇ ಕೆಲಸ ಮಾಡ್ತಿದೆ. ಹೇಗೆ? ಹಿಂಡಿದ ಗಾಳಿಯಲ್ಲಿ ಒಂದು ಪಾಲನ್ನ ಉರಿಸದೆ ಪಕ್ಕದ ದಾರಿಯಲ್ಲಿ ಕದ್ದು ತಂದು, ಬ್ಲೇಡುಗಳ ಹೊಟ್ಟೆಯೊಳಗೆ, ಸುತ್ತಲಿನ ಗೋಡೆಗಳ ಬೆನ್ನಿಗೆ ಊದುತ್ತಾರೆ. ಇದಕ್ಕೆ ತಂಪು ಗಾಳಿ ಅಂತ ಹೆಸರು. 600 ಡಿಗ್ರಿಯ ತಂಪು ಗಾಳಿ. ನಮ್ಮ ಪಿಜ್ಜಾ ಓವನ್ನು ಇದರ ಮುಂದೆ ಊಟಿ.

ಈ ಉಪಾಯ ಹುಟ್ಟಿದ್ದು ಬಡತನದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಯುಂಕರ್ಸ್ ಕಂಪನಿಯಲ್ಲಿ ಅನ್ಸೆಲ್ಮ್ ಫ್ರಾಂಝ್ ಅನ್ನೋ ಎಂಜಿನಿಯರ್ ಯುಮೋ 004 ಎಂಬ ಜೆಟ್ ಇಂಜಿನ್ ಕಟ್ಟಿದ. 1944ರಲ್ಲಿ ಯುದ್ಧಕ್ಕಿಳಿದ ಮೆಸ್ಸರ್‌ಶ್ಮಿಟ್ 262 ಹಾರಿದ್ದು ಇದರಲ್ಲೇ. ಆದ್ರೆ ಜರ್ಮನಿಯ ಹತ್ತಿರ ನಿಕ್ಕಲ್ ಇರಲಿಲ್ಲ. ದಹನ ಕೋಣೆಯನ್ನ ಸಾದಾ ಉಕ್ಕಿಗೆ ಅಲ್ಯೂಮಿನಿಯಂ ಲೇಪಿಸಿ ಮಾಡಿದ್ರು. ಮುಂದಿನ ಆವೃತ್ತಿಗಳಲ್ಲಿ ಟರ್ಬೈನ್ ಬ್ಲೇಡುಗಳನ್ನ ತಗಡು ಮಡಚಿ ಟೊಳ್ಳಾಗಿ ಮಾಡಿ ಒಳಗೆ ಗಾಳಿ ಹಾಯಿಸಿದ್ರು; ಒಂದು ಬಗೆಯ ಬ್ಲೇಡಿಗೆ ಬಳಸಿದ ಕ್ರೋಮಡೂರ್ ಅನ್ನೋ ಲೋಹದಲ್ಲಂತೂ ನಿಕ್ಕಲ್ಲೇ ಇರಲಿಲ್ಲ. ಇಂಜಿನ್ನಿನ ಆಯಸ್ಸು 10ರಿಂದ 25 ಗಂಟೆ. ನಮ್ಮ ವೀಕೆಂಡ್ ಟ್ರಿಪ್ಪಿನಷ್ಟು. ಅದೇ ಜರ್ಮನಿಯಲ್ಲಿ ಆಗಲೇ ಪಿಂಗಾಣಿ ಬ್ಲೇಡುಗಳ ಪ್ರಯೋಗವೂ ನಡೆದಿತ್ತು. ನಿಕ್ಕಲ್ ಇಲ್ಲದವನಿಗೆ ಮಣ್ಣೇ ಗತಿ. ಆದ್ರೆ ಪಿಂಗಾಣಿ ಗೊತ್ತಲ್ಲ, ಕೈಜಾರಿದ ಕಪ್ಪಿನ ಕಥೆಯೇ.

ಯುದ್ಧ ಮುಗಿದ ಮೇಲೆ ನಿಕ್ಕಲ್ ಇದ್ದ ದೇಶಗಳೂ ಟೊಳ್ಳು ಬ್ಲೇಡಿನ ಉಪಾಯವನ್ನ ಕೈಗೆತ್ತಿಕೊಂಡವು. ಮುಂದಿನ ನಲವತ್ತು ವರ್ಷ ಲೋಹದ್ದೇ ರಾಜ್ಯಭಾರ. ಬ್ಲೇಡಿನೊಳಗೆ ಹಾವಿನ ಥರ ಸುತ್ತೋ ಕಾಲುವೆಗಳು ಬಂದವು, ಮೈತುಂಬ ಸೂಜಿಮೊನೆಯ ತೂತುಗಳು ಬಂದವು, 1980ರ ದಶಕದ ಶುರುವಿಗೆ ಇಡೀ ಬ್ಲೇಡನ್ನೇ ಒಂದೇ ಹರಳಾಗಿ ಬೆಳೆಸಿ ಪ್ರಯಾಣಿಕ ವಿಮಾನದಲ್ಲಿ ಹಾರಿಸಿದ್ರು. ಆದ್ರೆ ಒಂದೊಂದು ಹೆಜ್ಜೆಗೂ ತಂಪು ಗಾಳಿಯ ಬಿಲ್ಲು ಏರ್ತಾ ಹೋಯ್ತು. ದೊಡ್ಡ ಇಂಜಿನ್ನುಗಳಲ್ಲಿ ಹಿಂಡಿದ ಗಾಳಿಯ ಸುಮಾರು ಐದನೇ ಒಂದು ಪಾಲು ತಂಪು ಮಾಡೋದಕ್ಕೆ, ಸಂದು ಕಾಯೋದಕ್ಕೇ ಹೋಗುತ್ತೆ. ಕಷ್ಟಪಟ್ಟು, ಇಂಧನ ಸುಟ್ಟು ಹಿಂಡಿದ ಗಾಳಿ ಅದು. ಅದು ಉರಿಯುವ ಕೋಣೆಗೆ ಹೋಗದೆ ಬದಿಯಿಂದ ಸೇರ್ಕೊಂಡ್ರೆ ಅಷ್ಟೂ ಶ್ರಮ ಅರ್ಧಂಬರ್ಧ ದಂಡ.

ಈ ದಂಡದಲ್ಲಿ ಎರಡು ಜಾತಿ. ಒಂದು, ನಾವೇ ಬೇಕಂತ ಕಳಿಸಿದ ಗಾಳಿ. ಅದು ಹೋಗಿ ಬ್ಲೇಡನ್ನ ತಂಪು ಮಾಡುತ್ತೆ, ಸಂಬಳ ತಗೊಂಡು ಕೆಲಸ ಮಾಡುತ್ತೆ. ಇನ್ನೊಂದು, ದಾರಿಯಲ್ಲಿ ಸಿಕ್ಕ ಸಂದಿನಲ್ಲಿ ನುಸುಳಿ ಹೋಗೋದು. ಅದು ಏನೂ ಮಾಡೋದಿಲ್ಲ. ನೋಡದೇ ಇರೋ ಒಟಿಟಿ ಸಬ್‌ಸ್ಕ್ರಿಪ್ಶನ್ ಥರ, ತಿಂಗಳು ತಿಂಗಳು ಕಟ್ ಆಗ್ತಾ ಇರುತ್ತೆ.

ಸಂದುಗಳೇ ಇಲ್ಲದಂತೆ ಮಾಡಬಾರದಾ? ಆಗಲ್ಲ. ಟರ್ಬೈನಿನ ಬ್ಲೇಡುಗಳು ಸುತ್ತೋ ಜಾಗದ ಸುತ್ತ ಒಂದು ಬಳೆ ಇರುತ್ತೆ, ಅದಕ್ಕೆ ಶ್ರೌಡ್ ಅಂತಾರೆ. ಬ್ಲೇಡಿನ ತುದಿಗೂ ಈ ಬಳೆಗೂ ನಡುವೆ ಜಾಗ ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಆದ್ರೆ ಬಿಸಿಯಾದಾಗ ಬಳೆ ಹಿಗ್ಗಬೇಕಲ್ಲ, ಒಂದೇ ತುಂಡಾಗಿದ್ರೆ ಸೊಟ್ಟಗಾಗುತ್ತೆ. ಹಾಗಾಗಿ ಅದನ್ನ ತುಂಡು ತುಂಡಾಗಿ ಮಾಡಿ, ರೈಲು ಹಳಿಗಳ ನಡುವೆ ಬಿಡ್ತಿದ್ದ ಹಾಗೆ ಸಂದು ಬಿಟ್ಟು ಜೋಡಿಸ್ತಾರೆ. ಬೆನ್ನ ಕಡೆ ಒತ್ತಡದ ತಂಪು ಗಾಳಿ, ಹೊಟ್ಟೆ ಕಡೆ ಬೆಂಕಿ. ಪ್ರತಿ ಸಂದಿನಲ್ಲೂ ಎರಡು ತುಂಡುಗಳ ಅಂಚಿಗೆ ಎದುರುಬದುರಾಗಿ ಸಣ್ಣ ಕಾಲುವೆ ಕೊರೆದು, ಆ ಕಾಲುವೆಯೊಳಗೆ ತೆಳ್ಳನೆ ಲೋಹದ ಪಟ್ಟಿ ತೂರಿಸ್ತಾರೆ. ಗಾಳಿಯ ಒತ್ತಡವೇ ಪಟ್ಟಿಯನ್ನ ಕಾಲುವೆಯ ಗೋಡೆಗೆ ಒತ್ತಿ ಹಿಡಿಯುತ್ತೆ. ತುಂಡುಗಳು ಹಿಗ್ಗಿ ಕುಗ್ಗಿದ್ರೆ ಪಟ್ಟಿ ಒಳಗೊಳಗೇ ಜಾರುತ್ತೆ. ಅಷ್ಟೇ ಸೀಲು. ನೋಡಿದ್ರೆ ವಾಚಿನ ಸ್ಟ್ರಾಪಿನ ತುಂಡು ಅನ್ಬೇಕು.

ಒಂದು ಲೆಕ್ಕ ಹಾಕಿ ನೋಡಿದೆ, ಬರೀ ಅಂದಾಜು. ಹದಿನೆಂಟು ತುಂಡುಗಳ ಬಳೆ, ಪ್ರತಿ ಸಂದಿನ ಉದ್ದ 5 ಸೆಂಟಿಮೀಟರ್, ಪಟ್ಟಿ ಸರಿಯಾಗಿ ಕೂರದೆ 0.1 ಮಿಲಿಮೀಟರ್ ಬಿಟ್ಟುಕೊಂಡಿದೆ ಅನ್ನಿ. ಒಟ್ಟು 90 ಚದರ ಮಿಲಿಮೀಟರ್. ಎಲ್ಲಾ ಒಂದೇ ಕಡೆ ಕೂಡಿಸಿದ್ರೆ ಒಂದು ಪೆನ್ನು ಸಲೀಸಾಗಿ ತೂರೋ ತೂತು. ನಲವತ್ತು ಪಟ್ಟು ಹಿಂಡಿದ ಗಾಳಿ ಅದರಲ್ಲಿ ಪೂರ್ಣ ವೇಗದಲ್ಲಿ ನುಗ್ಗಿದ್ರೆ ಸೆಕೆಂಡಿಗೆ ಅರ್ಧ ಕಿಲೋ ಹತ್ತಿರ. ಹತ್ತಕ್ಕಿಂತ ಹೆಚ್ಚು ಸಣ್ಣ ಕಾರುಗಳು ಹೈವೇಲಿ ಹೋಗ್ತಾ ಒಟ್ಟಿಗೆ ಉಸಿರಾಡೋಷ್ಟು ಗಾಳಿ, ಒಂದು ಬಳೆಯ ಅಂಚಿನಲ್ಲಿ, ಸುಮ್ಮನೆ.

ಸೋರಿಕೆ ವಿರುದ್ಧದ ಯುದ್ಧ ಜೆಟ್ಟಿಗಿಂತ ಹಳೇದು. 1884ರಲ್ಲಿ ಹಬೆ ಟರ್ಬೈನ್ ಕಟ್ಟಿದ ಚಾರ್ಲ್ಸ್ ಪಾರ್ಸನ್ಸ್ ಇದೇ ತಲೆನೋವಿಗೆ ಸಿಕ್ಕಿ ಲ್ಯಾಬಿರಿಂತ್ ಸೀಲಿನ ದಾರಿ ಹಿಡಿದ: ಸಾಲು ಸಾಲು ತೆಳುವಾದ ಹಲ್ಲುಗಳು, ಹಬೆ ಒಂದೊಂದನ್ನೂ ದಾಟುವಾಗ ಸ್ವಲ್ಪ ಸ್ವಲ್ಪ ಶಕ್ತಿ ಕಳ್ಕೊಳ್ಳುತ್ತೆ. ಚಕ್ರವ್ಯೂಹ ಅಂತ ಕರೀಬಹುದು, ಅಭಿಮನ್ಯು ಹಬೆ. 1955ರಲ್ಲಿ ಜಿಇ ತನ್ನ ಜೆ47 ಇಂಜಿನ್ನಲ್ಲಿ ಲೋಹದ ಬ್ರಷ್ಷನ್ನೇ ಸೀಲಾಗಿ ಪ್ರಯತ್ನಿಸಿ ಸೋತಿತು. ಅದೇ ಬ್ರಷ್ಷನ್ನ 1980ರ ದಶಕದಲ್ಲಿ ರೋಲ್ಸ್ ರಾಯ್ಸ್ ಗೆಲ್ಲಿಸಿತು. ಇವೆಲ್ಲ ತಿರುಗೋ ಭಾಗಗಳ ಸೀಲುಗಳು, ಬೇರೆಯೇ ಕಥೆ. ನಮ್ಮದು ತಿರುಗದೇ ಇರೋ ಸಂದುಗಳ ಕಥೆ. ತಿರುಗದೇ ಇರೋದು ಸುಲಭ ಅಂತ ಎಲ್ಲರೂ ಅಂದ್ಕೊಂಡಿದ್ರು.

ಇನ್ನು ಸೆರಾಮಿಕ್. 1971ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ, ಫೋರ್ಡ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳ ಜೊತೆ ಸೇರಿ ಒಂದು ಯೋಜನೆ ಶುರುಮಾಡಿತು. ಅದರ ಹೆಸರಲ್ಲೇ 'ಒಡೆಯುವ ವಸ್ತುಗಳ ವಿನ್ಯಾಸ' ಅಂತ ಇತ್ತು, ಪ್ರಾಮಾಣಿಕ ಜನ. ಸಿಲಿಕಾನ್ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್‌ಗಳಿಂದ ಫೋರ್ಡ್ ಕಾರಿನ ಟರ್ಬೈನ್ ಮಾಡೋದು, ವೆಸ್ಟಿಂಗ್‌ಹೌಸ್ ವಿದ್ಯುತ್ ಸ್ಥಾವರದ ಟರ್ಬೈನ್ ಮಾಡೋದು. ಬಿಸಿ ತಡೆಯೋದರಲ್ಲಿ ಈ ವಸ್ತುಗಳಿಗೆ ಸಾಟಿಯಿಲ್ಲ. ಆದ್ರೆ ಒಂದು ಸಣ್ಣ ಬಿರುಕು ಎಲ್ಲಿದ್ರೂ ಸಾಕು, ಎಚ್ಚರಿಕೆ ಇಲ್ಲದೆ ಇಡೀ ತುಂಡು ಚೂರು. ಬಿರುಕು ಹುಟ್ಟುತ್ತಿದ್ದ ಜಾಗಗಳಲ್ಲಿ ಒಂದು, ಸೆರಾಮಿಕ್ಕು ಲೋಹಕ್ಕೋ ಇನ್ನೊಂದು ಸೆರಾಮಿಕ್ಕಿಗೋ ತಾಗುವ ಜಾಗ. ಈ ಸೂಚನೆಯನ್ನ ನೆನಪಿಟ್ಟುಕೊಳ್ಳಿ.

ದಾರಿ ಸಿಕ್ಕಿದ್ದು ಜಪಾನಿನಲ್ಲಿ. ತೊಹೊಕು ವಿಶ್ವವಿದ್ಯಾಲಯದ ಸೆಯ್ಶಿ ಯಾಜಿಮಾ 1975ರಲ್ಲಿ ಒಂದು ವಿಚಿತ್ರ ಅಡುಗೆಯನ್ನ ಪ್ರಕಟಿಸಿದರು. ಸಿಲಿಕಾನ್ ಮತ್ತು ಕಾರ್ಬನ್ ಬೆರೆತ ಒಂದು ಪಾಲಿಮರನ್ನ ಕರಗಿಸಿ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಒತ್ತಿ, ಗಟ್ಟಿ ಮಾಡಿ, ಸಾವಿರ ಡಿಗ್ರಿಗೂ ಮೇಲೆ ಸುಟ್ಟರೆ, ಬೇಡದ್ದೆಲ್ಲ ಹೋಗಿ ಸಿಲಿಕಾನ್ ಕಾರ್ಬೈಡಿನ ದಾರ ಉಳಿಯುತ್ತೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಬಗ್ಗುತ್ತೆ, ನೇಯಬಹುದು. ನಿಪ್ಪಾನ್ ಕಾರ್ಬನ್ ಕಂಪನಿ ಇದನ್ನ ನಿಕಾಲಾನ್ ಅನ್ನೋ ಹೆಸರಲ್ಲಿ ಮಾರಾಟಕ್ಕಿಟ್ಟಿತು. ಈ ದಾರಗಳನ್ನ ಸೆರಾಮಿಕ್ಕಿನೊಳಗೇ ಹುದುಗಿಸಿದ್ರೆ? ನಮ್ಮ ಹಳ್ಳಿ ಮನೆಗಳ ಮಣ್ಣು ಗೋಡೆಗೆ ಹುಲ್ಲು ಕಲಸ್ತಿದ್ರಲ್ಲ, ಅದೇ ತತ್ವ. ಒಂದು ವ್ಯತ್ಯಾಸ: ಇಲ್ಲಿ ದಾರ ಗೋಡೆಗೆ ಪೂರ್ತಿ ಅಂಟಬಾರದು. ಅದರ ಮೇಲೆ ಬೋರಾನ್ ನೈಟ್ರೈಡಿನ ತೆಳ್ಳನೆ ಜಾರುವ ಪದರ ಹಾಕ್ತಾರೆ. ಬಿರುಕು ದಾರದ ಹತ್ತಿರ ಬಂದಾಗ ದಾರವನ್ನ ಕತ್ತರಿಸೋ ಬದಲು ಪಕ್ಕಕ್ಕೆ ತಿರುಗಿ ಸುಸ್ತಾಗುತ್ತೆ. ಸೆರಾಮಿಕ್ಕು ಬಿರುಕು ಬಿಡುತ್ತೆ, ಆದ್ರೆ ಚೂರಾಗೋದಿಲ್ಲ.

ಇದೇ ಸೆರಾಮಿಕ್ ಕಾಂಪೋಸಿಟ್. ತೂಕ ನಿಕ್ಕಲ್ ಮಿಶ್ರಲೋಹದ ಮೂರನೇ ಒಂದು ಭಾಗ, ನಿಕ್ಕಲ್ಲಿಗಿಂತ ನೂರಿನ್ನೂರು ಡಿಗ್ರಿ ಹೆಚ್ಚು ಬಿಸಿ ತಾಳುತ್ತೆ, ತಂಪು ಗಾಳಿ ಬಹಳ ಕಡಿಮೆ ಸಾಕು. ಜಿಇ ಸಂಶೋಧನಾ ಕೇಂದ್ರದಲ್ಲಿ ಕೃಷನ್ ಲೂಥ್ರಾ ಅವರ ತಂಡ ದಶಕಗಟ್ಟಲೆ ಇದರ ಹಿಂದೆ ಬಿತ್ತು. ದಾರಗಳ ನಡುವಿನ ಜಾಗಕ್ಕೆ ಕರಗಿದ ಸಿಲಿಕಾನನ್ನ ಹೀರಿಸಿ ತುಂಬೋ ವಿಧಾನ ಅವರದ್ದು. ಫ್ರಾನ್ಸಿನ ಬೋರ್ದೋದಲ್ಲಿ ಅನಿಲದಿಂದ ಸೆರಾಮಿಕ್ಕನ್ನ ನಿಧಾನವಾಗಿ ಬೆಳೆಸೋ ಇನ್ನೊಂದು ವಿಧಾನ ಬೆಳೀತು.

ಈಗ ಗಮನಿಸಿ, ಈ ವಸ್ತು ಇಂಜಿನ್ನಿನ ಯಾವ ಭಾಗಕ್ಕೆ ಮೊದಲು ಬಂತು? ಫ್ರೆಂಚರು 1990ರ ದಶಕದಲ್ಲೇ ರಫಾಲ್ ವಿಮಾನದ ಎಂ88 ಇಂಜಿನ್ನಿಗೆ ಹಾಕಿದ್ರು. ಎಲ್ಲಿ? ಬಾಲದ ತುದಿಯಲ್ಲಿ, ಹೊಗೆ ಹೊರಬರೋ ಕೊಳವೆಯ ಹೊರಗಿನ ರೆಕ್ಕೆಗಳಲ್ಲಿ. ಅಲ್ಲಿ ಸೋರಿದ್ರೆ ಎಲ್ಲಿಗೆ ಸೋರಬೇಕು, ಆಕಾಶಕ್ಕೇ ತಾನೇ. ಇಂಜಿನ್ನಿನ ಅತಿ ಬಿಸಿ ಹೊಟ್ಟೆಯೊಳಗೆ, ಗಾಳಿಯ ಲೆಕ್ಕ ಇಡೋ ಜಾಗಕ್ಕೆ ಬರೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು. ನನ್ನ ಪ್ರಕಾರ ಇದು ಕಾಕತಾಳೀಯ ಅಲ್ಲ.

ನಡುವೆ ಒಂದು ಅಡ್ಡಿ ಎದ್ದಿತು, ಅದು ಯಾರೂ ಊಹಿಸದ ಮೂಲೆಯಿಂದ. 1992ರಲ್ಲಿ ಅಮೆರಿಕದ ಇಂಧನ ಇಲಾಖೆಯ ಬೆಂಬಲದಲ್ಲಿ ಸೋಲಾರ್ ಟರ್ಬೈನ್ಸ್ ಕಂಪನಿ ಕೈಗಾರಿಕಾ ಟರ್ಬೈನಿನಲ್ಲಿ ಸೆರಾಮಿಕ್ ಹಾಕೋ ಯೋಜನೆ ಶುರುಮಾಡಿ, 1997ರಿಂದ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ನಿಜವಾದ ಯಂತ್ರದಲ್ಲಿ ಓಡಿಸಿತು. ದಹನ ಕೋಣೆಯ ಸೆರಾಮಿಕ್ ಗೋಡೆ ಬಿಸಿ ತಾಳಿತು, ಆದ್ರೆ ಸುಮಾರು 5,000 ಗಂಟೆ ಹೊತ್ತಿಗೆ ಸವೆದು ತೆಳುವಾಗಿತ್ತು. ಕಾರಣ ನೀರು. ಇಂಧನ ಉರಿದಾಗ ಹುಟ್ಟೋ ನೀರಾವಿ, ಸೆರಾಮಿಕ್ಕಿನ ಮೇಲೆ ಕಟ್ಟುವ ರಕ್ಷಣೆಯ ಗಾಜಿನಂಥ ಪದರವನ್ನ ಆವಿ ಮಾಡಿ ಒಯ್ಯುತ್ತೆ. ನಾಸಾದ ಎಲಿಜಬೆತ್ ಓಪಿಲಾ, ನೇಥನ್ ಜೇಕಬ್‌ಸನ್ ಮೊದಲಾದವರು ಈ ರಸಾಯನವನ್ನ ಬಿಡಿಸಿಟ್ಟರು. ಪರಿಹಾರ, ಸೆರಾಮಿಕ್ಕಿಗೇ ಇನ್ನೊಂದು ಸೆರಾಮಿಕ್ಕಿನ ಅಂಗಿ. ಲೇಪನ ಹಾಕಿದ ಗೋಡೆ ಬೇಕರ್ಸ್‌ಫೀಲ್ಡಿನಲ್ಲೇ ಸುಮಾರು 14,000 ಗಂಟೆ ಓಡಿತು.

ಈ ಅಂಗಿಯೇ ಮುಂದೆ ಸೀಲು ಮಾಡೋರ ನಿದ್ದೆ ಕೆಡಿಸಿದ್ದು. ಯಾಕೆ ಅಂತೀರಾ? ಲೋಹದ ಶ್ರೌಡಿನ ಅಂಚಿಗೆ ಕಾಲುವೆ ಕೊರೆದು ಪಟ್ಟಿ ತೂರಿಸ್ತಿದ್ರು ಅಂದ್ನಲ್ಲ, ಅದನ್ನೇ ಕಾಂಪೋಸಿಟ್ಟಿನಲ್ಲಿ ಮಾಡೋಕೆ ಹೋದ್ರೆ ಮೊದಲನೇದಾಗಿ ದಾರಗಳು ತುಂಡಾಗ್ತವೆ. ಬಟ್ಟೆಯ ಪದರಗಳನ್ನ ಒಂದರ ಮೇಲೊಂದು ಇಟ್ಟು ಮಾಡಿದ ವಸ್ತು ಇದು. ಪದರಗಳ ಅಂಚಿನಲ್ಲಿ ಕೊರೆದ್ರೆ ಕಾಲುವೆಯ ಎರಡು ತುಟಿಗಳು ತೆಳುವಾಗಿ, ಬಾಳೆದಿಂಡಿನ ಸಿಪ್ಪೆ ಥರ ಬಿಟ್ಟುಕೊಳ್ಳೋ ಅಪಾಯ. ಕೊರೆದ ಮೇಲೆ ಅಷ್ಟು ಇಕ್ಕಟ್ಟಾದ ಕಾಲುವೆಯೊಳಗೆ ಲೇಪನವನ್ನ ಸಮವಾಗಿ ಹಾಕೋದು ಕಷ್ಟ. ಹಾಕದಿದ್ರೆ ನೀರಾವಿ ಒಳನುಗ್ಗಿ ತಿನ್ನುತ್ತೆ. ಹಾಕಿದ್ರೆ ಮೈ ತರಿತರಿ, ಪಟ್ಟಿ ಸಮವಾಗಿ ಕೂರಲ್ಲ. ಕೂರದ ಕಡೆಯಲ್ಲೆಲ್ಲ ಗಾಳಿ.

ಕೂತಿತು ಅಂತಲೇ ಅಂದ್ಕೊಳ್ಳಿ. ಆಗ ಲೋಹದ ಪಟ್ಟಿಗೆ ಸಂಕಟ. ಸಿಲಿಕಾನ್ ಕಾರ್ಬೈಡ್ ಅಂದ್ರೆ ಸಾಣೆಕಲ್ಲಿಗೆ ಹಾಕೋ ವಸ್ತು, ಉಪ್ಪುಕಾಗದದ ಮೇಲೆ ಇರೋದೂ ಅದೇ. ಇಂಜಿನ್ ನಡುಗುವಾಗ ಪಟ್ಟಿ ಅದರ ಮೇಲೆ ಲಕ್ಷಾಂತರ ಸಲ ಉಜ್ಜಿ ಉಜ್ಜಿ ಸವೆಯುತ್ತೆ. ಇನ್ನೊಂದು, ಬಹಳ ಬಿಸಿಯಲ್ಲಿ ನಿಕ್ಕಲ್ಲೂ ಸಿಲಿಕಾನೂ ಒಂದಕ್ಕೊಂದು ತಾಗಿಕೊಂಡು ಕೂತ್ರೆ ಎರಡೂ ಸೇರಿ, ಬೇಗ ಕರಗೋ ಬೇರೆಯೇ ಸಂಯುಕ್ತಗಳಾಗ್ತವೆ. ಜಾತಕ ಕೂಡದ ಜೋಡಿ.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ಹಿಗ್ಗೋದರದ್ದು. 10 ಸೆಂಟಿಮೀಟರ್ ಉದ್ದದ ನಿಕ್ಕಲ್ ತುಂಡನ್ನ ಸಾವಿರ ಡಿಗ್ರಿ ಬಿಸಿ ಮಾಡಿದ್ರೆ ಸುಮಾರು 1.5 ಮಿಲಿಮೀಟರ್ ಹಿಗ್ಗುತ್ತೆ. ಅಷ್ಟೇ ಉದ್ದದ ಕಾಂಪೋಸಿಟ್ಟು ಅರ್ಧ ಮಿಲಿಮೀಟರಿಗೂ ಕಮ್ಮಿ. ಸೆರಾಮಿಕ್ ಶ್ರೌಡನ್ನ ಲೋಹದ ಚೌಕಟ್ಟಿಗೆ ಬಿಗಿಯಾಗಿ ಬೋಲ್ಟ್ ಹಾಕಿದ್ರೆ, ಟೇಕಾಫ್ ಹೊತ್ತಿಗೆ ಚೌಕಟ್ಟು ಹಿಗ್ಗಿ ಸೆರಾಮಿಕ್ಕನ್ನ ಎಳೆಯುತ್ತೆ. ಸೆರಾಮಿಕ್ಕಿಗೆ ಎಳೆತ ಅಂದ್ರೆ ಆಗದು. ಸಡಿಲ ಬಿಟ್ರೆ? ಒಂದು ಮಿಲಿಮೀಟರ್ ಸಡಿಲ. ಮೇಲೆ ಹಾಕಿದ ನಮ್ಮ ಲೆಕ್ಕದಲ್ಲಿ 0.1 ಮಿಲಿಮೀಟರಿಗೇ ಪೆನ್ನು ತೂರೋ ತೂತಾಗಿತ್ತು. ಇದು ಅದರ ಹತ್ತುಪಟ್ಟು. ತಣ್ಣಗಿದ್ದಾಗ ಬಿಗಿ ಇದ್ದ ಸೀಲು ಬಿಸಿಯಾದಾಗ ಸಡಿಲ. ಬಿಸಿಯಲ್ಲಿ ಸರಿಹೋಗೋ ಹಾಗೆ ಮಾಡಿದ್ರೆ ತಣ್ಣಗಿರುವಾಗ ಹಿಸುಕುತ್ತೆ. ಫ್ರೀಜರಿನ ಉಪಾಯ ಇಲ್ಲಿ ನಡೆಯಲ್ಲ.

ಇಲ್ಲಿಗೆ ಬಂದಾಗ ಲೆಕ್ಕದ ವ್ಯಂಗ್ಯ ಕಾಣುತ್ತೆ. ಸೆರಾಮಿಕ್ ತಂದದ್ದೇ ತಂಪು ಗಾಳಿ ಉಳಿಸೋಕೆ. ಲೋಹದ ಶ್ರೌಡಿಗೆ ಹತ್ತು ರೂಪಾಯಿ ಗಾಳಿ ಬೇಕಿತ್ತು, ಅದರಲ್ಲಿ ಒಂದು ರೂಪಾಯಿ ಸೋರಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಸೆರಾಮಿಕ್ಕಿಗೆ ಎರಡು ರೂಪಾಯಿ ಸಾಕು, ಆದ್ರೆ ಅಂಚಿನಲ್ಲಿ ನಾಲ್ಕು ರೂಪಾಯಿ ಸೋರಿದ್ರೆ? ಉಳಿಸಿದ್ದರಲ್ಲಿ ಅರ್ಧ ಗೋವಿಂದ. ಇನ್ನೂ ಒಂದು ತಿರುವು. ಸಂದಿನಲ್ಲಿರೋ ಲೋಹದ ಪಟ್ಟಿಯನ್ನ ತಂಪಾಗಿಡ್ತಿದ್ದದ್ದು ಯಾವುದು? ಅದನ್ನ ದಾಟಿ ಸೋರುತ್ತಿದ್ದ ಗಾಳಿಯೇ. ಸೋರಿಕೆಯನ್ನ ಪೂರ್ತಿ ನಿಲ್ಲಿಸಿದ್ರೆ, ಪಕ್ಕದಲ್ಲಿ ಸಾವಿರದ ಇನ್ನೂರು ಡಿಗ್ರಿಯ ಸೆರಾಮಿಕ್ಕು, ತಂಪು ಮಾಡೋರಿಲ್ಲದೆ ಪಟ್ಟಿ ಸುಟ್ಟುಹೋಗುತ್ತೆ. ಗಾಳಿ ತೀರಾ ಕಮ್ಮಿಯಾದ್ರೆ ಒತ್ತಡ ತಪ್ಪಿ ಬೆಂಕಿಯೇ ಸಂದಿನೊಳಗೆ ಹಿಂದಕ್ಕೆ ನುಗ್ಗುತ್ತೆ. ಸೀಲು ಸೋರಬಾರದು, ಸೋರದೆಯೂ ಇರಬಾರದು. ಎಷ್ಟು ಸೋರಬೇಕು ಅನ್ನೋದನ್ನ ಬರೆದುಕೊಟ್ಟು ಅಷ್ಟೇ ಸೋರಿಸಬೇಕು.

ಉತ್ತರಗಳು ಬೇರೆ ಬೇರೆ ಕಡೆಯಿಂದ ಚೂರುಚೂರಾಗಿ ಬಂದವು. ನನಗೆ ಇಷ್ಟವಾದದ್ದು ಹಗ್ಗದ ಕಥೆ. 1986ರಲ್ಲಿ ಅಮೆರಿಕ ಶಬ್ದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಹಾರಿ ನೇರ ಕಕ್ಷೆಗೇ ಹೋಗೋ ವಿಮಾನದ ಯೋಜನೆ ಹಾಕಿತ್ತು. ಅದರ ಇಂಜಿನ್ನಿನ ಗೋಡೆಗಳು ಜಾರಬೇಕು, ಆದ್ರೆ ಸಂದಿನಲ್ಲಿ ಬೆಂಕಿ ನುಗ್ಗಬಾರದು. ಓಹಾಯೋದ ಕ್ಲೀವ್‌ಲ್ಯಾಂಡಿನ ನಾಸಾ ಕೇಂದ್ರದಲ್ಲಿ ಬ್ರೂಸ್ ಸ್ಟೈನೆಟ್ಜ್ ಮತ್ತು ಜೊತೆಗಾರರು ಇದಕ್ಕಾಗಿ ಸೆರಾಮಿಕ್ ದಾರಗಳನ್ನ ಜಡೆಯ ಹಾಗೆ ಹೆಣೆದು ಹಗ್ಗ ಮಾಡಿ ಸಂದಿಗೆ ತುರುಕಿ ನೋಡಿದ್ರು. ವಿಮಾನದ ಯೋಜನೆ 1993ರಲ್ಲಿ ಸತ್ತುಹೋಯ್ತು, ಹಗ್ಗ ಬದುಕಿತು. ಸೆರಾಮಿಕ್ ಹಗ್ಗ ಉಜ್ಜಿ ಉಜ್ಜಿ ಎಳೆ ಬಿಡುತ್ತೆ ಅಂತ ಗೊತ್ತಾದ ಮೇಲೆ ಒಳಗೆ ಸೆರಾಮಿಕ್ ತಿರುಳು, ಹೊರಗೆ ಲೋಹದ ತಂತಿಯ ಜಡೆ ಹೆಣೆದ್ರು. ಗಟ್ಟಿಯಾಯ್ತು, ಆದ್ರೆ ಸ್ವಲ್ಪ ಹೆಚ್ಚು ಸೋರಿತು. ಬಿರಿಯಾನಿ ದಮ್ಮಿಗೆ ಮುಚ್ಚಳದ ಸುತ್ತ ಹಿಟ್ಟು ಮೆತ್ತುತ್ತಾರಲ್ಲ, ಆ ಕೆಲಸ ಮಾಡೋ ಹಗ್ಗ. ಇದೇ ತಂಡದ ಕಾರ್ಬನ್ ಹಗ್ಗ ಆಮೇಲೆ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ಟಿನ ಕೊಳವೆಯ ಸಂದುಗಳಿಗೂ ಹೋಯ್ತು. ಚಾಲೆಂಜರ್ ಯಾಕೆ ಸಿಡೀತು ಅಂತ ಗೊತ್ತಿರೋರಿಗೆ ಬೂಸ್ಟರಿನ ಒಂದು ಸಂದು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ.

ಶ್ರೌಡಿನ ಮಟ್ಟಿಗೆ ಗೆದ್ದದ್ದು ಇನ್ನೂ ಸಾದಾ ಯೋಚನೆ: ಸೀಲನ್ನ ಬೆಂಕಿಯಿಂದ ದೂರ ಒಯ್ಯೋದು. ಸೆರಾಮಿಕ್ಕು ಬೆಂಕಿಗೆ ಮುಖ ಕೊಟ್ಟು ನಿಲ್ಲಲಿ. ಅದರ ಬೆನ್ನಿಗೆ ಲೋಹದ ಹ್ಯಾಂಗರ್ ಇರಲಿ. ಗಾಳಿ ತಡೆಯೋ ಮುಖ್ಯ ಕೆಲಸ ಆದಷ್ಟು ಆ ಹಿಂದಿನ ತಣ್ಣನೆ ಲೋಹದಲ್ಲೇ ಆಗಲಿ. 2000ದ ದಶಕದ ಪೇಟೆಂಟ್‌ಗಳನ್ನ ತೆರೆದು ನೋಡಿದ್ರೆ ಇದೇ ಹಾಡಿನ ನೂರು ರಾಗ. ಒಂದರಲ್ಲಿ ಸೆರಾಮಿಕ್ ಶ್ರೌಡಿನ ಬೆನ್ನಿಗೆ ಸ್ಪ್ರಿಂಗ್ ಇಟ್ಟು ಒತ್ತಿ ಹಿಡಿದಿದ್ದಾರೆ, ಬಿಗಿಯೂ ಅಲ್ಲ ಸಡಿಲವೂ ಅಲ್ಲ. ಇನ್ನೊಂದರಲ್ಲಿ ತೆಳು ತಗಡಿಗೆ ಲೋಹದ ಬಟ್ಟೆ ಹೊದೆಸಿ, ಸವೆದ್ರೆ ಬಟ್ಟೆ ಸವೀಲಿ ಅಂತ ಬಿಟ್ಟಿದ್ದಾರೆ. ಮತ್ತೊಂದರಲ್ಲಿ ಒಂದೇ ಕಾಲುವೆಯಲ್ಲಿ ಎರಡು ಪಟ್ಟಿ: ಬೆಂಕಿಯ ಕಡೆಗೆ ಬಿಸಿ ತಾಳೋದು, ಗಾಳಿಯ ಕಡೆಗೆ ಬಗ್ಗೋದು. ಪೇಟೆಂಟ್ ಭಾಷೆ ಓದಿದ್ರೆ ನಿದ್ದೆ ಬರುತ್ತೆ, ನಿಜ. ಆದ್ರೆ ಚಿತ್ರಗಳನ್ನ ನೋಡಿ. ಯಾರೋ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಒಂದು ಮೂಲೆಯ ಮೇಲೆ, ಬರೀ ಒಂದು ಮೂಲೆಯ ಮೇಲೆ, ಜಗಳ ಆಡಿದ್ದಾರೆ. ಎರಡು ಪಟ್ಟಿಗಳು ಸೇರೋ ಮೂಲೆಯಲ್ಲಿ ಯಾವಾಗಲೂ ಒಂದು ತ್ರಿಕೋನದ ತೂತು ಉಳಿಯುತ್ತೆ, ಅದನ್ನ ಮುಚ್ಚೋದು ಹೇಗೆ ಅಂತ. ಹೊಸ ಮನೆಯ ಬಾತ್‌ರೂಮ್ ಟೈಲ್ಸ್ ಹಾಕಿಸಿದವರಿಗೆ ಈ ಮೂಲೆ ಗೊತ್ತು.

2016ರ ಆಗಸ್ಟಿನಲ್ಲಿ ಸಿಎಫ್‌ಎಂ ಕಂಪನಿಯ ಲೀಪ್ ಇಂಜಿನ್ ಪ್ರಯಾಣಿಕರನ್ನ ಹೊತ್ತು ಹಾರಿತು. ಸಿಎಫ್‌ಎಂ ಅಂದ್ರೆ ಜಿಇ ಮತ್ತು ಫ್ರಾನ್ಸಿನ ಸಾಫ್ರಾನ್ ಸಮಪಾಲಿನ ಕೂಡುಕಂಪನಿ. ಪ್ರತಿ ಇಂಜಿನ್ನಿನಲ್ಲಿ 18 ಸೆರಾಮಿಕ್ ಕಾಂಪೋಸಿಟ್ ಶ್ರೌಡುಗಳು, ಅಧಿಕ ಒತ್ತಡದ ಟರ್ಬೈನಿನ ಮೊದಲ ಸಾಲಿನ ಸುತ್ತ. ಯಾಜಿಮಾರ ಪ್ರಬಂಧಕ್ಕೆ ಆಗ 41 ವರ್ಷ. ಇಡೀ ಇಂಜಿನ್ನಿನಲ್ಲಿ ತಿರುಗದ, ಚಿಕ್ಕದಾದ, ಹ್ಯಾಂಗರಿಗೆ ತೂಗುಹಾಕಬಹುದಾದ ಒಂದು ಭಾಗವನ್ನ ಆರಿಸ್ಕೊಂಡಿದ್ದು ಹೇಡಿತನ ಅಲ್ಲ. ಸೀಲು ಮಾಡೋಕೆ ಆಗೋ ಜಾಗದಿಂದ ಶುರುಮಾಡಿದ್ರು, ಅಷ್ಟೇ.

ಮುಗೀತು ಅನ್ನೋಷ್ಟರಲ್ಲಿ 2017ರಲ್ಲಿ ಕೆಲವು ಲೀಪ್ ಇಂಜಿನ್ನುಗಳ ಹಿಂಭಾಗದ ಅನಿಲ ನಿರೀಕ್ಷೆಗಿಂತ ಬಿಸಿಯಾಗೋಕೆ ಶುರುವಾಯ್ತು. ತೆಗೆದು ನೋಡಿದ್ರೆ ಶ್ರೌಡಿನ ಅಂಗಿ, ಅದೇ ಲೇಪನ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಯಾವ ಅಪಾಯವೂ ಆಗಲಿಲ್ಲ. ಆದ್ರೆ ಲೇಪನ ಉದುರಿದಷ್ಟೂ ಬ್ಲೇಡ್ ತುದಿಗೂ ಶ್ರೌಡಿಗೂ ನಡುವಿನ ಜಾಗ ಹೆಚ್ಚಾಗುತ್ತೆ, ಅನಿಲ ಬ್ಲೇಡಿಗೆ ಕೆಲಸ ಕೊಡದೆ ಮೇಲಿಂದ ಜಾರಿಹೋಗುತ್ತೆ, ಅಷ್ಟೇ ನೂಕುಬಲಕ್ಕೆ ಇಂಜಿನ್ ಹೆಚ್ಚು ಉರೀಬೇಕಾಗುತ್ತೆ. ಬಾಗಿಲು ಭದ್ರವಾಗಿತ್ತು, ಹೊಸ್ತಿಲು ಸವೆದಿತ್ತು. ಲೇಪನದ ವಿಧಾನ ಬದಲಾಯಿಸಿ ಹಳೆಯ ಶ್ರೌಡುಗಳನ್ನ ಬದಲಿಸ್ತಾ ಬಂದ್ರು.

2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಇ9ಎಕ್ಸ್ ಇಂಜಿನ್ನಿನಲ್ಲಿ ಸೆರಾಮಿಕ್ಕು ಇನ್ನೂ ಒಳಗೆ ನುಗ್ಗಿದೆ: ದಹನ ಕೋಣೆಯ ಒಳ, ಹೊರ ಗೋಡೆಗಳು, ಟರ್ಬೈನಿನ ಮುಂದಿರುವ ಎರಡು ಸಾಲು ನಾಝಲ್‌ಗಳು, ಶ್ರೌಡು. ನಾಝಲ್ ಅಂದ್ರೆ ಮೇಲೂ ಕೆಳಗೂ ಲೋಹಕ್ಕೆ ತಾಗಿಕೊಂಡು, ನಡುವೆ ಬೆಂಕಿಯನ್ನ ತಿರುಗಿಸೋ ರೆಕ್ಕೆ. ಶ್ರೌಡಿನ ಹಾಗೆ ಬೆನ್ನ ಮೇಲೆ ತೂಗುಹಾಕಿ ತಪ್ಪಿಸ್ಕೊಳ್ಳೋಕೆ ಆಗಲ್ಲ, ನಾಲ್ಕೂ ಕಡೆ ಅಂಚು, ನಾಲ್ಕೂ ಕಡೆ ಸಂದು. ದಹನ ಕೋಣೆಯ ಗೋಡೆಯೂ ಎರಡೂ ತುದಿಯಲ್ಲಿ ಲೋಹಕ್ಕೇ ಹೋಗಿ ಸೇರಬೇಕು.

ಈ ಪುರಾಣ ನಮ್ಮೂರಿನಿಂದ ದೂರದ್ದೇನಲ್ಲ. 2000ನೇ ಇಸವಿಯಲ್ಲಿ ವೈಟ್‌ಫೀಲ್ಡಿನಲ್ಲಿ ಶುರುವಾದ ಜಿಇಯ ಜಾನ್ ವೆಲ್ಚ್ ತಂತ್ರಜ್ಞಾನ ಕೇಂದ್ರದ ಎಂಜಿನಿಯರುಗಳು ಲೀಪ್, ಜಿಇ9ಎಕ್ಸ್ ಎರಡರ ವಿನ್ಯಾಸದಲ್ಲೂ ಕೈಜೋಡಿಸಿದ್ದಾರೆ. ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ನಿಮ್ಮ ಪಕ್ಕದ ಕ್ಯಾಬಿನಲ್ಲಿ ಕೂತು ಬೇಜಾರಾಗಿ ಫೋನ್ ಒತ್ತುತ್ತಿರೋ ವ್ಯಕ್ತಿ ಟರ್ಬೈನಿನ ಯಾವುದೋ ಮೂಲೆ ತಿದ್ದುತ್ತಿರಬಹುದು. ದೇವನಹಳ್ಳಿಯಿಂದ ಅಕಾಸದ 737 ಮ್ಯಾಕ್ಸ್ ಹತ್ತಿದ್ರೆ ಎರಡೂ ರೆಕ್ಕೆಯ ಕೆಳಗೆ ಲೀಪ್ ಇಂಜಿನ್ನೇ. ಇಂಡಿಗೋ, ಏರ್ ಇಂಡಿಯಾದ ಬಹಳಷ್ಟು ನಿಯೋ ವಿಮಾನಗಳಲ್ಲೂ ಅದೇ. ಎರಡು ಇಂಜಿನ್ನು, 36 ಶ್ರೌಡು, ಅಷ್ಟೇ ಸಂದು. ಟೇಕಾಫಿಗೆ ಇಂಜಿನ್ ಗುಡುಗುವಾಗ ಚೌಕಟ್ಟು ಹಿಗ್ಗುತ್ತೆ, ಸೆರಾಮಿಕ್ಕು ಹೆಚ್ಚು ಅಲುಗೋದಿಲ್ಲ, ನಡುವಿನ ಸೀಲುಗಳು ತಮ್ಮ ಜಾಗದಲ್ಲಿ ಒಂದಿಷ್ಟು ಜಾರಿ ಕೂರ್ತವೆ. ಇಂಜಿನ್ ಬಿಚ್ಚಿ ರಿಪೇರಿ ಮಾಡುವಾಗ ಸವೆದ ಪಟ್ಟಿಗಳನ್ನ ತೆಗೆದು ಬಿಸಾಕಿ ಹೊಸದು ಹಾಕ್ತಾರೆ.